ಅವ್ವನ ಕಣ್ಣು ತೆರೆಸಿದ್ದು

ನಮ್ಮ ಪಡಸಾಲೆಯಲ್ಲಿ ಬಹಳ ಕಾಲ ಒಂದೇ ಒಂದು ಫೋಟೋ ಇತ್ತು. ಅದರಲ್ಲಿ ಎಲ್ಲರೂ ಕಣ್ಣು ಬಿಟ್ಟುಕೊಂಡು ನಿಂತಿದ್ದೆವು, ನಡುವೆ ಕೂತ ಅವ್ವ ಮಾತ್ರ ಕಣ್ಣು ಮುಚ್ಚಿದ್ದಳು. ಯಾರಾದರೂ ದಿಟ್ಟಿಸಿ ನೋಡಿದರೆ ಸಾಕು, ನನ್ನವ್ವ ಮೋನಮ್ಮನ ರೆಪ್ಪೆ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು.

"ನಾನು ಹೋದಮೇಲೆ ಇದಕ್ಕೇ ಹಾರ ಹಾಕ್ತೀರಿ," ಎನ್ನುತ್ತಿದ್ದಳು. "ಮುಂದೆ ಹುಟ್ಟೋ ಮಕ್ಕಳು ನೋಡಿ, ನಮ್ಮಜ್ಜಿ ಕುರುಡಿ ಅಂತಾವೆ."

ನಗುತ್ತಲೇ ಹೇಳುತ್ತಿದ್ದಳು. ಆದರೆ ಆ ವರ್ಷ ಅವಳಿಗೆ ಉಬ್ಬಸ ಹೆಚ್ಚಾಗಿ, ಮಾತಿನೊಳಗಿನ ನಗು ಕಡಿಮೆಯಾಗಿತ್ತು. ನನ್ನ ಹೆಂಡತಿ ಕಾಳಮ್ಮ ಅದನ್ನು ನನಗಿಂತ ಮೊದಲೇ ಗುರುತಿಸಿದಳು. ನಾನು ಬಡಗಿ. ಹಲಗೆಗೆ ಗುರುತು ಹಾಕುವ ಚಪ್ಪಟೆ ಪೆನ್ಸಿಲನ್ನು ನನ್ನ ಕಿವಿಯ ಮೇಲಿಂದ ಎಳೆದುಕೊಂಡು, "ಅತ್ತೆ ಮುಖ ನಾನು ಬರೀತೀನಿ," ಎಂದಳು. ಅಲ್ಲಿಯ ತನಕ ಅವಳು ರಂಗೋಲಿ ಬಿಟ್ಟು ಬೇರೇನೂ ಬರೆದವಳಲ್ಲ.

ಬೀದಿಯ ತುದಿಯಲ್ಲಿದ್ದ ಡ್ರಾಯಿಂಗ್ ಮೇಷ್ಟ್ರು ಕೊಟ್ರಯ್ಯನವರು ಅವಳಿಗೆ ಹೇಳಿಕೊಟ್ಟ ಮೊದಲ ಮಾತು: "ತಲೆಯ ಸರಿ ಅರ್ಧಕ್ಕೆ ಕಣ್ಣು. ಮೊದಲು ಅದನ್ನ ಕೂರಿಸು, ಉಳಿದದ್ದಕ್ಕೆಲ್ಲ ಅದೇ ಅಳತೆ."

ಇವಳು ಒಪ್ಪಲಿಲ್ಲ. ಅವಳ ತವರಿನವರು ದೇವರ ಮೂರ್ತಿ ಕೆತ್ತುವವರು. ಅಲ್ಲಿ ಕಣ್ಣು ಎಲ್ಲಕ್ಕೂ ಕೊನೆ, ಒಮ್ಮೆ ತೆರೆಸಿದ ಕಣ್ಣನ್ನು ಮತ್ತೆ ಮುಟ್ಟುವಂತಿಲ್ಲ.

"ಹಾಗಾದ್ರೆ ರಬ್ಬರು ಇರೋದು ಯಾಕಮ್ಮ?"

"ಮೂಗಿಗೆ ಆಗ್ತದೆ ಮೇಷ್ಟ್ರೇ. ಕಣ್ಣಿಗೆ ಬೇಡ."

ಬಾಯಿ, ಮೂಗು, ಗಲ್ಲ ಎಲ್ಲ ಬರೆದು ಕಣ್ಣಿಗೆ ಬರುವಷ್ಟರಲ್ಲಿ ಜಾಗವೇ ಉಳಿಯದೆ ಕಣ್ಣು ಹಣೆಗೆ ಹತ್ತುತ್ತಿತ್ತು. ಅಳಿಸುವಂತಿಲ್ಲ, ಕಣ್ಣು ಬಿಟ್ಟ ಮುಖವನ್ನು ಹರಿದು ಒಲೆಗೆ ಹಾಕುವುದಂತೂ ಆಗದ ಮಾತು. ಎಲ್ಲವನ್ನೂ ಮಡಿಸದೆ ಅಟ್ಟದ ಮೇಲೆ ಜೋಡಿಸಿಟ್ಟಳು.

"ಮೇಲೆ ನನ್ನ ಸವತಿಯರು ಜಾಸ್ತಿ ಆಗ್ತಾ ಇದಾರೆ ಕಣೇ," ಎಂದಳು ಅವ್ವ. "ಅವರಿಗೂ ಮುದ್ದೆ ಮಾಡ್ಬೇಕಾ?"

ಕಾಳಮ್ಮ ಬೇಸರಪಡಲಿಲ್ಲ. ಗೆರೆಯಲ್ಲೇ ಎಲ್ಲವನ್ನೂ ಹೇಳುವ ರಂಗೋಲಿಯ ಚಾಳಿ ಬಿಟ್ಟು, ಪೆನ್ಸಿಲನ್ನು ಮಲಗಿಸಿ ನೆರಳು ಹಾಸುವುದನ್ನು ಕಲಿತಳು. ಅವ್ವನ ಕೆನ್ನೆಯ ಕುಳಿ, ಕೊರಳ ಸುಕ್ಕು ಹಾಳೆಯ ಮೇಲೆ ಮೂಡಿದ್ದನ್ನು ಕಂಡಾಗ, ಹುಟ್ಟಿದಂದಿನಿಂದ ನೋಡಿದ ಮುಖವನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ ಅನ್ನಿಸಿತು. ಕೊನೆಗೆ ಮೇಷ್ಟ್ರ ಅರ್ಧದ ಗುರುತನ್ನು ಒಪ್ಪಿಕೊಂಡು, ಕಣ್ಣಿನ ಜಾಗ ಖಾಲಿ ಬಿಟ್ಟು ಮುಖವನ್ನೆಲ್ಲ ಮುಗಿಸಿದಳು. ಈ ಸಲ ಅಂದಾಜಿನ ಕಣ್ಣು ಬೇಡವೆಂದು ಅವ್ವನತ್ತ ತಲೆಯೆತ್ತಿದರೆ, ರೆಪ್ಪೆ ಟಪ್ಪನೆ ಮುಚ್ಚಿತು. ಮತ್ತೆ ನೋಡಿದಳು, ಮತ್ತೆ ಮುಚ್ಚಿತು.

"ಬಿಡೇ, ಕಣ್ಣು ಬಿಡೋದು ನನ್ನ ಹಣೇಲಿ ಬರೆದಿಲ್ಲ." ಅವ್ವನ ದನಿ ಒದ್ದೆಯಾಗಿತ್ತು.

"ಇಷ್ಟು ದಿನ ಹಣೇಲೇ ಬರೆದೆನಲ್ಲ ಅತ್ತೆ," ಎಂದಳು ಕಾಳಮ್ಮ.

ಮಾರನೆಯ ಬೆಳಿಗ್ಗೆ ಕಂಬಕ್ಕೆ ತೂಗುಹಾಕಿದ್ದ ನನ್ನ ಕ್ಷೌರದ ಕನ್ನಡಿ ಕಾಣಲಿಲ್ಲ. ನೋಡಿದರೆ, ಕಾಳಮ್ಮ ಅದನ್ನು ಮುಂದೆ ಒರಗಿಸಿಕೊಂಡು, ಅವ್ವನಿಗೆ ಬೆನ್ನು ಮಾಡಿ ಕೂತಿದ್ದಾಳೆ.

"ನಮ್ಮಪ್ಪ ದೇವರ ಕಣ್ಣು ತೆರೆಸೋವಾಗ ಎದುರಿಗೆ ನೋಡಲ್ಲ, ಕನ್ನಡೀಲಿ ನೋಡ್ತಾನೆ. ನೀವು ಗದ್ದಲ ಮಾಡ್ಬೇಡಿ," ಎಂದು ನನಗೆ ಪಿಸುಗುಟ್ಟಿದಳು.

ತನ್ನನ್ನು ಯಾರೂ ನೋಡುತ್ತಿಲ್ಲವೆಂದುಕೊಂಡ ಅವ್ವ, ಸೊಸೆಯ ಜಡೆಯನ್ನು ನೋಡುತ್ತ ಹಾಯಾಗಿ ಕಣ್ಣು ಬಿಟ್ಟುಕೊಂಡು ಕೂತಿದ್ದಳು. ಕಾಳಮ್ಮನ ಕೈ ಎಲ್ಲೂ ತಡೆಯಲಿಲ್ಲ.

ಸಂಜೆ ಬಂದ ಮೇಷ್ಟ್ರು ಚಿತ್ರ ನೋಡಿ ತಲೆದೂಗಿದರು. ಆಮೇಲೆ, "ಅಯ್ಯೋ, ಇವರಿಗೆ ಸಣ್ಣಗಿರೋದು ಬಲಗಣ್ಣು. ನೀನು ಎಡಗಣ್ಣು ಸಣ್ಣ ಮಾಡಿದ್ದೀಯಲ್ಲಮ್ಮ! ಕನ್ನಡಿ ತಿರುಗಿಸಿಬಿಟ್ಟಿದೆ," ಎಂದರು. ರಬ್ಬರು ಅವರ ಕೈಯಲ್ಲೇ ಇತ್ತು. ಕಾಳಮ್ಮನ ಮುಖ ಬಾಡಿತು.

ಅವ್ವ ಹಾಳೆಯನ್ನು ಕಿತ್ತುಕೊಂಡು ಹತ್ತಿರ ಹಿಡಿದಳು. ಬಹಳ ಹೊತ್ತು ನೋಡಿದಳು. ಒಮ್ಮೆಯೂ ರೆಪ್ಪೆ ಮುಚ್ಚಿಕೊಳ್ಳಲಿಲ್ಲ.

"ತಪ್ಪು ಅಂದೋರ್ಯಾರು? ದಿನಾ ಕುಂಕುಮ ಇಡೋವಾಗ ಕನ್ನಡೀಲಿ ನಾನು ನೋಡಿದ ಮೋನಮ್ಮ ಇವಳೇ. ಮೇಷ್ಟ್ರೇ, ಆ ರಬ್ಬರು ಜೇಬಿಗೆ ಹಾಕ್ಕೊಳಿ."

ಹಾರ ಬಿದ್ದದ್ದು ಆ ಚಿತ್ರಕ್ಕೇ. ನಾನು ಕಂಡ ಅವ್ವನನ್ನು ಕಾಣಬೇಕೆನ್ನಿಸಿದಾಗ ಕಂಬದ ಕನ್ನಡಿಯನ್ನು ಇಳಿಸಿಕೊಂಡು, ಚಿತ್ರಕ್ಕೆ ಬೆನ್ನು ಮಾಡಿ ನಿಲ್ಲುತ್ತೇನೆ. ನನ್ನ ಹೆಗಲ ಮೇಲಿಂದ ಅವ್ವ ನೋಡುತ್ತಿರುತ್ತಾಳೆ, ಸಣ್ಣ ಕಣ್ಣು ಅದರ ಜಾಗದಲ್ಲೇ.