ಜಪಸರದ ದಾರ

ಆರಿಸಿದ ಬತ್ತಿಯ ವಾಸನೆ, ಎಣ್ಣೆಯದಲ್ಲ, ಮೇಣದ್ದು, ಆದರೂ ಅದೇ — ಯಳಂದೂರಿನ ಮನೆಯಲ್ಲಿ ಅಜ್ಜಿ ಪೂಜೆ ಮುಗಿಸಿ ಹೂವಿನ ತೊಟ್ಟಿನಿಂದ ಬತ್ತಿಯನ್ನು ಒತ್ತಿದಾಗ ತೆಳ್ಳಗೆ ಏಳುತ್ತಿದ್ದ ವಾಸನೆ, ಆರಿಸು ಅನ್ಬಾರ್ದು ಕಣವ್ವ, ದೀಪ ಶಾಂತ ಮಾಡು ಅನ್ನಬೇಕು, ನಾನು ಆರು ವರ್ಷದವಳು, ಆ ಹೊಗೆಯನ್ನು ಬೊಗಸೆಯಲ್ಲಿ ಹಿಡಿಯಲು ನೋಡುತ್ತಿದ್ದೆ, ಈಗ ಎಪ್ಪತ್ತೆರಡು, ಹನೂರಿನ ದಾರಿಯಲ್ಲಿರುವ ಈ ಸಿಸ್ಟರುಗಳ ಕಾಲೇಜಿನ ಜಗಲಿಯಲ್ಲಿ ಬೆಂಚಿನ ಮೇಲೆ ಕೂತಿದ್ದೇನೆ, ಎದುರಿಗೆ ಚಾಪೆಲ್ಲಿನ ಬಾಗಿಲು ಅರ್ಧ ತೆರೆದಿದೆ, ಯಾರೋ ಈಗಷ್ಟೇ ಪ್ರಾರ್ಥನೆ ಮುಗಿಸಿ ಮೇಣದಬತ್ತಿ ಶಾಂತ ಮಾಡಿ ಹೋಗಿದ್ದಾರೆ, ಬಾಗಿಲ ಹೊರಗೆ ಒಂದು ಜೊತೆ ಹವಾಯಿ ಚಪ್ಪಲಿ, ಒಂದರ ಉಂಗುಷ್ಠದ ಪಟ್ಟಿಗೆ ಪಿನ್ನು ಹಾಕಿದೆ. ಬೆಳಿಗ್ಗೆ ಕೊಳ್ಳೇಗಾಲದಲ್ಲಿ ನೋಡಿದ ಕಾಲೇಜಿನಲ್ಲಿ ಹೊಸ ಪೇಂಟು ಬಿಟ್ಟರೆ ಯಾವ ವಾಸನೆಯೂ ಇರಲಿಲ್ಲ. ಆಳೆತ್ತರದ ಅಕ್ಷರಗಳಲ್ಲಿ ಸಂತರ ಹೆಸರು, ಗಾಜಿನ ಪೆಟ್ಟಿಗೆಯಲ್ಲಿ ಮಾತೆ ಮರಿಯಮ್ಮ, ಸುತ್ತ ಕೆಂಪು ಹಸಿರು ಬಲ್ಬುಗಳು ಓಡುತ್ತಿದ್ದವು, ಆರೋಗ್ಯಮೇರಿ ಅಲ್ಲೇ ನಿಂತುಬಿಟ್ಟಳು, ನೋಡಿ ಮೇಡಂ ಎಷ್ಟ್ ಚೆಂದಾಗಿ ಮಡಗವ್ರೆ, ಲಿಫ್ಟ್ ಬೇರೆ ಅದೆ. ಆರೋಗ್ಯಮೇರಿ ನನ್ನ ಹಳೆಯ ವಿದ್ಯಾರ್ಥಿನಿ, ಹನೂರಿನಾಚೆ ತಮಿಳು ಮಾತಾಡುವ ಕ್ರೈಸ್ತರ ಊರಿನವಳು, ಈಗ ಕೊಳ್ಳೇಗಾಲದ ರೇಷ್ಮೆ ಅಂಗಡಿಯಲ್ಲಿ ಗಿರಾಕಿಗಳು ಬಿಚ್ಚಿಸಿದ ಸೀರೆಗಳನ್ನು ದಿನವಿಡೀ ಮಡಿಸುತ್ತಾಳೆ, ಅವಳ ಮಗಳು ರೋಜಾ ಮರಿಯಮ್ಮನನ್ನು ನೋಡಲೂ ಇಲ್ಲ, ನೇರ ಹೋಗಿ ವಾಚ್‌ಮನ್ನನ್ನು ಕೇಳಿದಳು, ಚಾಪೆಲ್ ಎಲ್ಲಿ ಅಂಕಲ್, ಆತನ ಹೆಸರು ಹನುಮಯ್ಯ, ತನ್ನ ಸ್ಟೂಲನ್ನು ನನಗೆ ಕೊಟ್ಟು ತಾನು ನಿಂತಿದ್ದ, ಕೀ ಆಪೀಸ್ನಲ್ಲಿ ಅದೆ ಕಣವ್ವ, ಇನ್ಸ್‌ಪೆಕ್ಷನ್‌ನೋರು ಬಂದಾಗ ತಗೀತರೆ, ನೀನೇನ್ ಇನ್ಸ್‌ಪೆಕ್ಷನ್‌ಗೆ ಬಂದಿದ್ದೀಯ, ಎಂದು ತಾನೇ ನಕ್ಕ, ರೋಜಾಳೂ ನಕ್ಕಳು, ಹೂಂ ಅಂಕಲ್ ಅದಕ್ಕೇ ಬಂದಿರೋದು.

ಅದಕ್ಕೇ ಬಂದಿರೋದು, ಎರಡು ಕಡೆಯೂ ಬಿಕಾಂ ಸೀಟು ಸಿಕ್ಕಿದೆ, ಕೊಳ್ಳೇಗಾಲದಲ್ಲಿ ಇವತ್ತು ನಾಲ್ಕು ಗಂಟೆಯೊಳಗೆ ಸೇರದಿದ್ದರೆ ಸೀಟು ಬೇರೆಯವರಿಗೆ, ಯಾವುದು ಎಂದು ನಾನು ಹೇಳಬೇಕಂತೆ, ನೀವೇ ಏಳಿ ಮೇಡಂ, ನಮ್ಗೇನ್ ಗೊತ್ತಾದ್ದು, ಸಂತ್ರ ಎಸ್ರು ಇಟ್ಕೊಂಡೋರೆಲ್ಲ ನಮ್ಮೋರೇ ಅಂದ್ಕತೀವಿ, ನೀವು ಮೈಸೂರಲ್ಲಿ ಸಿಸ್ಟರ್‌ಗಳ ತಾವೇ ಇದ್ದು ಓದ್ದೋರು, ಯಾವ್ದು ನಿಜ್ವಾದ್ದು ಅಂತ ನಿಮ್ಗೆ ಗೊತ್ತಾಯ್ತದೆ. ಹಣೆಯ ಮೇಲೆ ಮೂರು ಗೆರೆ ವಿಭೂತಿ ಇಟ್ಟುಕೊಂಡವಳನ್ನು ಯಾವುದು ನಿಜವಾದ ಕ್ರೈಸ್ತರ ಕಾಲೇಜು ಎಂದು ಕೇಳುತ್ತಾಳೆ, ಬಸ್ಸಿನಲ್ಲಿ ನನಗೆ ನಗು ಬಂತು, ಆಮೇಲೆ ನಗು ಬರಲಿಲ್ಲ, ಪಕ್ಕದಲ್ಲಿ ಕೂತಿದ್ದ ರೋಜಾ ಮೆಲ್ಲಗೆ ಕಾಲರಿನೊಳಗಿಂದ ಜಪಸರವನ್ನು ಎಳೆದು ಶಿಲುಬೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು, ಕಂಡಕ್ಟರು ಬಂದಾಗ ಮತ್ತೆ ಒಳಗೆ ಹಾಕಿದಳು. ಯಳಂದೂರಿನ ಪಿಯು ಕಾಲೇಜಿಗೆ ಎರಡು ವರ್ಷ ಬಸ್ಸಿನಲ್ಲಿ ಓಡಾಡಿದ ಹುಡುಗಿ, ಅಲ್ಲಿ ಏನಾಯಿತಮ್ಮ ಅಂದರೆ, ಯಾರೂ ಬಯ್ಲಿಲ್ಲ ಅಜ್ಜಿ, ಸುಮ್ನೆ ಕೇಳೋರು, ನೀವು ಯಾವಾಗ ಸೇರ್ಕೊಂಡ್ರಿ, ಏನ್ ಕೊಟ್ರು ಅಂತ, ನಮ್ ತಾತನ ತಾತನ ಕಾಲ್ದಿಂದ್ಲೂ ಹಿಂಗೇ ಅಂದ್ರೆ ನಗೋರು, ದಿನಾ ಏನ್ ಹೇಳೋದು ಅಂತ ಒಳಗೆ ಹಾಕ್ಕೊಂಡೆ, ಮೂರು ವರ್ಷ ಇನ್ನು ಹಾಸ್ಟೆಲ್ಲು, ಹೊರಗೆ ಹಾಕ್ಕೊಳೋ ಜಾಗ ಆದ್ರೆ ಸಾಕು, ಬೇರೇನು ಬೇಡ. ಹೊರಗೆ ಹಾಕಿಕೊಳ್ಳುವ ಜಾಗ. ನನ್ನ ಕೈ ತಾನಾಗಿ ರವಿಕೆಯ ಮೇಲೆ ಹೋಯಿತು, ಅಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ, ನನಗೂ ಅವಳ ವಯಸ್ಸೇ ಆಗ, ಮೈಸೂರಿನ ಸಿಸ್ಟರುಗಳ ಹಾಸ್ಟೆಲ್ಲಿಗೆ ಹೋದ ಮೊದಲ ದಿನವೇ ಅಂಗೈಯಷ್ಟಿದ್ದ ಆ ಕರಡಿಗೆಯನ್ನು ಸೆರಗಿನೊಳಗೆ, ಇನ್ನೂ ಒಳಗೆ — ಅಲ್ಲಿ ನನ್ನನ್ನು ಗಮನಿಸಿದವರು ಒಬ್ಬರೇ, ಅಡುಗೆಮನೆಯ ಸಿಸ್ಟರ್ ಅಗಾಥಾ, ಮಂಗಳೂರಿನ ಕಡೆಯವರು, ಮೂರನೆಯ ಬೆಳಿಗ್ಗೆ ಕೇಳಿದರು, ನೀನು ಯಾಕೆ ಮಗಾ ನಾಷ್ಟಕ್ಕೆ ಬರುವುದೇ ಇಲ್ಲ. ಸ್ನಾನ ಆಗಬೇಕು, ಲಿಂಗಪೂಜೆ ಆಗಬೇಕು, ಆಮೇಲೆ ಬಾಯಿಗೆ ನೀರು, ನೂರೈವತ್ತು ಹುಡುಗಿಯರ ಸಾಲಿನಲ್ಲಿ ನನ್ನ ಸ್ನಾನ ಆಗುವುದರೊಳಗೆ ಊಟದ ಮನೆಗೆ ಬೀಗ, ಹೇಳಿದೆ, ಅಷ್ಟೇನಾ ಅಂದರು, ಮರುದಿನದಿಂದ ಒಲೆಯ ಪಕ್ಕ ತಟ್ಟೆಯ ಮೇಲೆ ತಟ್ಟೆ ಮುಚ್ಚಿ ಇಡುತ್ತಿದ್ದರು, ಮೊಟ್ಟೆ ಮುಟ್ಟದ ಸೌಟಿನಲ್ಲೇ ಬಡಿಸಿದ್ದು ಮಗಾ ಅನುಮಾನ ಬೇಡ, ನಾನು ಹೋಗುವಾಗ ಅವರು ಪಾತ್ರೆ ತೊಳೆಯುತ್ತಾ ಇರುತ್ತಿದ್ದರು, ನಿಲುವಂಗಿಯ ತೋಳನ್ನು ಎಷ್ಟು ಮಡಿಸಿದರೂ ಇಳಿದು ಮೊಣಕೈವರೆಗೆ ಒದ್ದೆ, ಆ ಒದ್ದೆ ತೋಳಿನಿಂದಲೇ ತಟ್ಟೆ ಎತ್ತಿ ನನ್ನ ಕೈಗೆ, ಚಾಪೆಲ್ಲಿಗೆ ಬಾ ಎಂದದ್ದಿಲ್ಲ, ಒಂದು ದಿನವೂ ಇಲ್ಲ, ಅದನ್ನು ಅಪ್ಪನಿಗೆ ಹೇಳಬಹುದಿತ್ತು, ಅದೊಂದನ್ನಾದರೂ.

ದಾರ ಕಡಿದದ್ದು ಡಿಸೆಂಬರಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಬಗ್ಗಿದಾಗ ಶಿವದಾರ ಪಟ್ಟೆಂದು ಕಡಿದು ಕರಡಿಗೆ ಕಲ್ಲಿಗೆ ಬಡಿದು ಉರುಳಿ ಚರಂಡಿಯೊಳಗೆ, ನಾನು ಕೂಗಲೂ ಇಲ್ಲ, ಕೊರಳು ಖಾಲಿಯಾದರೆ ಉಸಿರೇ ಹೋದಂತೆ ಎಂದು ಅಜ್ಜಿ ಹೇಳಿಕೊಟ್ಟಿದ್ದರು, ಉಸಿರು ಹಿಡಿದು ನಿಂತೆ, ಅಗಾಥಾ ಬಂದರು, ನೋಡಿದರು, ನೆಲಕ್ಕೆ ಮೊಣಕಾಲೂರಿ ಬಿಳಿ ನಿಲುವಂಗಿಯ ತೋಳಿನ ಸಮೇತ ಕೈಯನ್ನು ಆ ಕರೀ ನೀರಿಗೆ ಇಳಿಸಿ ಹುಡುಕಿದರು, ಅಳಬೇಡ ಮಾರಾಯ್ತಿ ಸಿಗ್ತದೆ, ಎಲ್ಲಿಗೆ ಹೋಗ್ತದೆ ಅದು, ಸಿಕ್ಕಿತು. ಏಳು ಸಲ ತೊಳೆದರು, ನಾನು ಎಣಿಸಿದೆ, ಕರಡಿಗೆಯ ಮುಚ್ಚಳವನ್ನು ಮಾತ್ರ ತೆಗೆಯಲಿಲ್ಲ, ಅದು ನಿನ್ನದು ನೀನೇ ತೆಗೆ ಎಂದು ತಮ್ಮ ಕರ್ಚೀಫಿನಲ್ಲಿಟ್ಟು ಕೊಟ್ಟರು, ಒಳಗೆ ನೀರು ಹೋಗಿರಲಿಲ್ಲ. ದಾರ ಬೇಕಲ್ಲ ಈಗ, ಶಿವದಾರ ಮೈಸೂರಿನ ಆ ಬೀದಿಯಲ್ಲಿ ಎಲ್ಲಿಂದ ತರುವುದು, ಅವರು ಜೇಬಿನಿಂದ ಒಂದು ಉಂಡೆ ತೆಗೆದರು, ರಾತ್ರಿ ಊಟವಾದ ಮೇಲೆ ಜಪಸರ ಪೋಣಿಸುತ್ತಿದ್ದ ದಾರ, ಬಿಳಿಯದು, ಗಟ್ಟಿ, ಇದು ನಿನ್ನ ಮೊಮ್ಮಕ್ಕಳವರೆಗೂ ಕಡಿಯುವುದಿಲ್ಲ ನೋಡು, ನಾಲ್ಕೆಳೆ ಹೊಸೆದು ಕಟ್ಟಿದರು, ಜಪಸರದ ಗಂಟು, ಸಣ್ಣದು, ಜೋಳದ ಕಾಳಿನಷ್ಟು. ಸಂಕ್ರಾಂತಿಗೆ ಊರಿಗೆ ಹೋದಾಗ ಅಜ್ಜಿ ತಲೆಗೆ ಎಣ್ಣೆ ಹಚ್ಚುತ್ತಾ ಕೈ ನಿಲ್ಲಿಸಿದರು, ಏನವ್ವ ಇದು, ಇದು ನಮ್ ಸಿವದಾರ ಅಲ್ವಲ್ಲ, ಇದೇನ್ ಗಂಟು, ಅಪ್ಪ ಬಂದರು, ಅಪ್ಪ ಗುರುಮಲ್ಲಪ್ಪ ಕೆಟ್ಟವರಲ್ಲ, ಯಳಂದೂರಿನಲ್ಲಿ ಮಗಳನ್ನು ಡಿಗ್ರಿ ಓದಲು ಕಳಿಸಿದ ಮೊದಲ ಒಕ್ಕಲಿನವರು, ಎಲ್ಲರೂ ಬೇಡ ಅಂದಾಗ ಕಳಿಸಿದವರು, ಯಾರ್ ಕಟ್ಟಿದ್ದು ಏಳು ಶಿವರತ್ನ. ಚರಂಡಿಗೆ ಬಿತ್ತು ಎಂದರೆ, ಲಿಂಗ ಬೀಳಿಸಿದವಳು, ಅಜ್ಜಿ ನೆಲಕ್ಕೆ ಕುಸಿಯುತ್ತಾರೆ, ಮಠದ ಸ್ವಾಮಿಗಳನ್ನು ಕರೆಸುತ್ತಾರೆ, ಅಷ್ಟು ಭಯ, ಅಷ್ಟೇ ಭಯ — ಸಿಸ್ಟರ್ ಕಟ್ಟಿದ್ರು. ನೀನ್ ಕೇಳ್ದ್ಯಾ. ಇಲ್ಲ. ಅವರಾಗೇ ಕಟ್ಟುದ್ರಾ. ಹೂಂ. ಎರಡು ಅಕ್ಷರವೂ ಅಲ್ಲ, ಹೂಂ, ಬಾಯಿ ತೆರೆಯದೆ ಹೇಳುವ ಮಾತು, ಅದು ಸುಳ್ಳೂ ಅಲ್ಲ, ಅವರಾಗಿಯೇ ಕಟ್ಟಿದ್ದು, ನಾನು ಕೇಳಿರಲಿಲ್ಲ, ಚರಂಡಿಯನ್ನು ಮಾತ್ರ ಬಿಟ್ಟೆ.

ಅಪ್ಪ ಇಬ್ಬರು ಹಿರಿಯರನ್ನು ಕರೆದುಕೊಂಡು ಹಾಸ್ಟೆಲ್ಲಿಗೆ ಬಂದರು, ಮದರ್ ಸುಪೀರಿಯರ್ ಕೋಣೆಯಲ್ಲಿ ನಾನು ಅಪ್ಪನ ಬೆನ್ನ ಹಿಂದೆ, ಮಕ್ಕಳ ಕೊರಳಿಂದ ನಮ್ ದೇವ್ರನ್ನ ಬಿಚ್ಚಿ ನಿಮ್ ದಾರ ಆಕ್ತೀರಾ ನೀವು, ಅಗಾಥಾರನ್ನು ಕರೆಸಿದರು, ಕೈ ಒರೆಸಿಕೊಳ್ಳುತ್ತಾ ಬಂದರು, ತೋಳು ಒದ್ದೆ, ನೀವು ಕಟ್ಟಿದ್ದು ಹೌದಾ ಸಿಸ್ಟರ್, ಹೌದು ಮದರ್ ನಾನೇ ಕಟ್ಟಿದ್ದು. ಅಷ್ಟೇ. ನನ್ನ ಕಡೆ ಒಂದು ಸಲ ನೋಡಿದರು, ನೀನು ಹೇಳುತ್ತೀಯಾ ಎಂದು ಕೇಳುವ ಹಾಗಲ್ಲ, ಊಟ ಆಯಿತಾ ಎಂದು ಕೇಳುವ ಹಾಗೆ, ಚರಂಡಿಯ ಮಾತು ಅವರೂ ಎತ್ತಲಿಲ್ಲ, ನನ್ನ ಗುಟ್ಟನ್ನು ನನಗೇ ಬಿಟ್ಟರು, ಅವರನ್ನು ಅಲ್ಲಿಂದ ಎತ್ತಂಗಡಿ ಮಾಡಿದರು ಎಂದು ಆಮೇಲೆ ಗೊತ್ತಾಯಿತು. ಅವತ್ತೇ ಅಪ್ಪ ನನ್ನನ್ನು ಹಾಸ್ಟೆಲ್ ಬಿಡಿಸಿದರು, ನಾನು ಪೆಟ್ಟಿಗೆ ಹೊತ್ತು ಗೇಟಿಗೆ ಬಂದಾಗ ಅಪ್ಪನಿಗೆ ಕಾಣದಂತೆ ಅಗಾಥಾ ಒಂದು ಬಾಳೆ ಎಲೆಯ ಪೊಟ್ಟಣವನ್ನು ನನ್ನ ಕೈಗಿಟ್ಟರು, ಬಸ್ಸು ದೂರದ್ದಲ್ಲವಾ, ಪೊಟ್ಟಣ ಬಿಸಿ ಇತ್ತು, ನರಸೀಪುರದ ಸ್ಟ್ಯಾಂಡಿನಲ್ಲಿ ಅಪ್ಪನ ಕಣ್ಣಿಗೆ ಬಿತ್ತು, ಬಯ್ಯಲಿಲ್ಲ, ಇತ್ತ ಕೊಡು ಎಂದು ತೆಗೆದು ಕಟ್ಟೆಯ ಮೇಲಿಟ್ಟರು, ಬಸ್ಸು ಹೊರಟಾಗ ಕಿಟಕಿಯಿಂದ ಕಂಡದ್ದು ಕಟ್ಟೆ, ಕಟ್ಟೆಯ ಮೇಲೆ ಹಸಿರು ಪೊಟ್ಟಣ, ನನಗೆ ಹಸಿವಾಗಿತ್ತು, ಹಸಿವಾಗಿದೆ ಅಂತಲೂ ಹೇಳಲಿಲ್ಲ. ಚಿಕ್ಕಪ್ಪನ ಮನೆಯಲ್ಲಿದ್ದು ಬೇರೆ ಕಾಲೇಜಿನಲ್ಲಿ ಬಿಎ ಮುಗಿಸಿದೆ, ಬಿಎಡ್, ಕೊಳ್ಳೇಗಾಲದಲ್ಲಿ ಕೆಲಸ, ಮೂವತ್ತಮೂರು ವರ್ಷ, ಸಿಸ್ಟರುಗಳ ಹತ್ತಿರ ಓದಿದವರು, ಅದಕ್ಕೇ ಅಷ್ಟು ಶಿಸ್ತು, ಎಂದು ಎಲ್ಲರೂ ಅಂದರು, ಏಳು ತಿಂಗಳು ಮಾತ್ರ ಎಂದು ನಾನು ಒಬ್ಬರಿಗೂ ಹೇಳಲಿಲ್ಲ, ಮೊದಲ ಸಂಬಳ ಬಂದ ತಿಂಗಳು ಅಗಾಥಾರನ್ನು ಹುಡುಕಿಕೊಂಡು ಮೈಸೂರಿಗೆ ಹೋದೆ, ಎಂಟು ವರ್ಷ ತಡ, ಗೇಟಿನಲ್ಲಿ ಬೇರೆ ಯಾರೋ ಸಿಸ್ಟರ್, ಅಗಾಥಾನಾ, ಅವರು ಕರಾವಳಿಯ ಒಂದು ಆಸ್ಪತ್ರೆಯ ಅಡುಗೆಗೆ ಹೋದರಲ್ಲ, ಅಲ್ಲೇ ಹೋದ ಮಳೆಗಾಲ ತೀರಿಕೊಂಡರು, ಏನಾದರೂ ಹೇಳಬೇಕಿತ್ತಾ ಅಮ್ಮ. ಇಲ್ಲ, ಅಂದೆ. ಅವತ್ತೂ ಇಲ್ಲ ಅಂದೆ.

ಮೇಡಂ, ರೋಜಾ ಎಲ್ಲೋದ್ಲು ಕಂಡ್ರಾ, ಆರೋಗ್ಯಮೇರಿ ಆಫೀಸಿನಿಂದ ಬಂದಿದ್ದಾಳೆ, ಬೆವರಿದ್ದಾಳೆ, ಎಲ್ಡೂವರೆ ಆಯ್ತು, ಇಲ್ಲಿಂದ ಬಸ್ಸಿಗೇ ಮುಕ್ಕಾಲ್ ಗಂಟೆ ಬೇಕು, ನಾಕ್ಕೆ ಅಲ್ಲಿ ಬಾಗ್ಲಾಕ್ಬುಡ್ತರೆ, ಒಂದ್ ಮಾತು ಏಳ್ಬುಡಿ ಮೇಡಂ, ನೀವ್ ಏಳ್ದಂಗೆ, ಇಲ್ಲಿ ನೋಡುದ್ರೆ ಮೇಲ್ಗಡೆ ಸೋರ್ತದೆ, ಕಂಪ್ಯೂಟ್ರು ಎಂಟೇ ಅವೆ, ಆದ್ರೂ ಸಿಸ್ಟ್ರು ನನ್ನ ಕೂರ್ಸಿ ನೀರ್ ಕೊಟ್ರು. ಹೇಳಬೇಕು, ಏನೆಂದು, ಮೇಣದ ವಾಸನೆ ಬಂತು ಇಲ್ಲೇ ಸೇರಿಸು ಎಂದೇ, ವಾಸನೆ ನಂಬಿ ಒಂದು ಮಗುವಿನ ಮೂರು ವರ್ಷ, ನನ್ನ ಒಂದು ಹೂಂ ಒಬ್ಬರನ್ನು ಅಡುಗೆಮನೆಯಿಂದ ಎಬ್ಬಿಸಿ ಎಲ್ಲಿಗೋ ಕಳಿಸಿತು, ಈಗ ಇನ್ನೊಂದು ಹೂಂ ಕೇಳುತ್ತಿದ್ದಾಳೆ, ಮೇರಿ, ನಾನು ಸಿಸ್ಟರುಗಳ ಹತ್ತಿರ ಓದಿದ್ದು ಏಳೇ ತಿಂಗಳು ಕಣೆ, ಬಾಯಿಗೆ ಬಂದೇಬಿಟ್ಟಿತು, ಐವತ್ತು ವರ್ಷದಲ್ಲಿ ಮೊದಲ ಸಲ, ಅವಳಿಗೆ ಕೇಳಿಸಿತೋ ಇಲ್ಲವೋ, ಅದಕ್ಕೇನೀಗ ಮೇಡಂ, ಅಂದಳು, ಅದಕ್ಕೇನೀಗ, ನಾನು ಐವತ್ತು ವರ್ಷ ಬಚ್ಚಿಟ್ಟದ್ದಕ್ಕೆ ಅಷ್ಟೇನಾ, ಉಳಿದದ್ದನ್ನೂ ಹೇಳಬೇಕು, ದಾರದ್ದು, ಚರಂಡಿಯದ್ದು, ಹೇಳಿದ ಮೇಲೆ ಕೇಳಲಿ ಯಾವುದೆಂದು — ಅವಳು ಆಗಲೇ ಅಂಗಳದ ಕಡೆ ತಿರುಗಿ ಮಗಳನ್ನು ಕೂಗುತ್ತಿದ್ದಾಳೆ, ರೋಜಾ, ಏ ರೋಜಾ, ಎಂಗಡೀ ಪೋನೆ, ಎಲ್ಲಿಗೆ ಹೋದೆ ಎಂದು ತಮಿಳಿನಲ್ಲಿ. ಇವತ್ತು ಸೋಮವಾರ, ನನ್ನದು ಒಪ್ಪತ್ತು, ಬೆಳಿಗ್ಗೆ ಪೂಜೆ ಮುಗಿಸಿ ಕಾಫಿ ಕುಡಿದದ್ದು ಬಿಟ್ಟರೆ ಏನೂ ಇಲ್ಲ, ತಲೆ ಹಗುರಾಗಿ ಜಗಲಿಯ ಕಂಬಗಳು ಸ್ವಲ್ಪ ದೂರ ಸರಿದ ಹಾಗೆ, ಕಂಬಗಳಾಚೆ ಅಡುಗೆಮನೆ ಇರಬೇಕು, ಪಾತ್ರೆಗಳ ಸದ್ದು, ಯಾರೋ ವಯಸ್ಸಾದವರ ಧ್ವನಿ, ಆಚೆ ಕೂತಿರೋ ವಿಭೂತಿ ಅಜ್ಜಿ ಊಟ ಮಾಡಿದ್ರಾ ಕೇಳಮ್ಮ, ಯಾರೋ ಏನೋ ಉತ್ತರ ಹೇಳಿದರು, ಮತ್ತೆ ಪಾತ್ರೆಗಳು, ಹೆಜ್ಜೆ, ಬರಿಗಾಲಿನದು, ಕಂಬದ ಮರೆಯಿಂದ ರೋಜಾ, ಇಷ್ಟು ಹೊತ್ತು ಒಳಗೇ ಇದ್ದಳೇ, ಯಾರೂ ಹೇಳದೆ ಪಾತ್ರೆಗೆ ಕೈ ಹಾಕಿದ್ದಾಳೆ, ಜಪಸರ ಕಾಲರಿನ ಮೇಲೆ ಹೊರಗೆ ಬಿದ್ದಿದೆ, ಅವಳಿಗೆ ಅದರ ನೆನಪೇ ಇಲ್ಲ, ನಡೆದಂತೆಲ್ಲ ಶಿಲುಬೆ ಆಚೆ ಈಚೆ ತೂಗುತ್ತಿದೆ, ತಾಯಿ ಲೇ ಬಸ್ಸು ಕಣೆ ಅನ್ನುತ್ತಿದ್ದಾಳೆ, ಅವಳು ತಾಯಿಯ ಕಡೆ ನೋಡಲಿಲ್ಲ, ಗೇಟಿನ ಕಡೆಯೂ, ನನ್ನ ಮುಂದೆ ಬಗ್ಗಿದಳು, ತಟ್ಟೆಯ ಮೇಲೆ ತಟ್ಟೆ ಮುಚ್ಚಿದೆ, ನನ್ನ ಎರಡೂ ಕೈ ಹಿಡಿದು ತಟ್ಟೆಯ ಕೆಳಗಿಟ್ಟಳು, ಬಿಸಿ, ಬಿಸಿ ಇದೆ, ಮತ್ತೆ ಅವಳ ತೋಳು, ಮಡಿಸಿದ್ದು ಇಳಿದು, ಮೊಣಕೈವರೆಗೆ ಒದ್ದೆ.