ಸೀಮೆಸುಣ್ಣದ ಹನ್ನೊಂದು ಗೆರೆ

ಎದುರು ಮನೆಯ ಮಹಡಿಯಲ್ಲಿ ಯಾರೋ ಹೆಂಗಸು ಒದ್ದೆ ದುಪ್ಪಟಿ ಕೊಡವುತ್ತಿದ್ದಾಳೆ, ಎರಡು ಕೈಯಲ್ಲಿ ಹಿಡಿದು ಮೇಲೆತ್ತಿ ಫಟ್ ಎಂದು ಕೆಳಗೆ — ಫಟ್ ಎಂದಿರಲೇಬೇಕು, ಒದ್ದೆ ಬಟ್ಟೆ ಕೊಡವಿದರೆ ಫಟ್ ಎನ್ನದೆ ಇರುತ್ತದೆಯೇ, ಸೂರಿನ ಅಂಚಿನಲ್ಲಿದ್ದ ಪಾರಿವಾಳಗಳೂ ಹಾರಿದವಲ್ಲ — ಆದರೆ ಮೇಸ್ತ್ರಿಯ ತನಕ ಬಂದದ್ದು ಬರೀ ಬಿಳಿ, ಒಂದು ಬಿಳಿ ಬಟ್ಟೆ ಉಬ್ಬಿ ಕುಸಿದದ್ದು, ಅಷ್ಟೇ. ಬಲಗಿವಿಯೂ ಹೋಯಿತು ಹಾಗಾದರೆ. ಎಡಗಿವಿ ಹೋಗಿ ಎರಡು ವರ್ಷ, ಬಲಗಿವಿಗೆ ಮೊನ್ನೆ ಮೊನ್ನೆಯವರೆಗೆ ಬಾವಿಯೊಳಗಿಂದ ಯಾರೋ ಕೂಗಿದ ಹಾಗಾದರೂ ಒಂದಿಷ್ಟು ಬರುತ್ತಿತ್ತು, ಇವತ್ತು ಬೆಳಿಗ್ಗೆ ಹೆಂಡತಿ ಚೊಂಬು ಕೈಜಾರಿಸಿದ್ದು ಅವನಿಗೆ ಗೊತ್ತಾದದ್ದು ಪಾದಕ್ಕೆ ನೀರು ತಾಗಿದ ಮೇಲೆ, ಅವಳು ಸೊಂಟದ ಮೇಲೆ ಕೈಯಿಟ್ಟು ಏನೋ ಅಂದಳು, ಇನ್ನೇನು ಅಂದಿರುತ್ತಾಳೆ, ಜಾಣ ಕಿವುಡು, ನಿಮ್ಮದು ಜಾಣ ಕಿವುಡು, ಬೇಕಾದ್ದು ಕೇಳುತ್ತೆ ಬೇಡದ್ದು ಕೇಳಲ್ಲ — ಮದುವೆಯಾದಾಗಿನಿಂದ ಅದೇ ಮಾತು, ಆ ಮಾತಿನ ಮರೆಯಲ್ಲಿ ನಿಜವಾದ ಕಿವುಡು ಎರಡು ವರ್ಷ ಆರಾಮಾಗಿ ಬಾಳಿತು. ಅವಳ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವನು ನೆಲ ಒರೆಸಿ, ಸುತ್ತಿಗೆ ಚೀಲ ಹೆಗಲಿಗೆ ಹಾಕಿಕೊಂಡು ಕೆಲಸಕ್ಕೆ ಬಂದ.

ಬಂದಾಯಿತು, ನಿಂತಾಯಿತು, ತಂಡಕ್ಕೆ ಹೊಸದಾಗಿ ಸೇರಿದ ಗಡ್ಡದವನು ಏಣಿ ಹೊತ್ತು ಬರುತ್ತಿದ್ದಾನೆ. ಇಕ್ಕಟ್ಟಿನ ಬೀದಿ, ಯಂತ್ರದ ತೊಟ್ಟಿಲಿರುವ ಗಾಡಿ ಒಳಗೆ ಬರುವಂತಿಲ್ಲ, ಬಂದರೆ ಕಲ್ಲುಹಾಸು ಒಡೆಯುತ್ತದೆ, ಕಾಪಾಡಬೇಕಾದ ಹಳೆಯ ಬೀದಿ ಇದು, ಬಾಗಿಲಿಗೆ ಬಣ್ಣ ಬಳಿಯಬೇಕಾದರೂ ಅರ್ಜಿ ಹಾಕಬೇಕು. ಬೀದಿದೀಪದ ಕಂಬಗಳ ಕಥೆಯೂ ಅದೇ. ನೂರು ವರ್ಷದ ಎರಕದ ಕಬ್ಬಿಣ, ಬುಡದಲ್ಲಿ ಬಳ್ಳಿಯ ಚಿತ್ತಾರ, ನೆತ್ತಿಯ ಹತ್ತಿರ ಏಣಿ ಆನಿಸಲೆಂದೇ ಹಿಂದಿನವರು ಇಟ್ಟ ಅಡ್ಡಪಟ್ಟಿ. ದೀಪ ಬೇಕಾದರೆ ಬದಲಿಸಿ, ಗಟ್ಟಿ ಇರುವ ಕಂಬ ಮುಟ್ಟುವ ಹಾಗಿಲ್ಲ ಎಂದು ಬೀದಿಯವರ ಸಮಿತಿ ಹಟ ಹಿಡಿದು ಗೆದ್ದಿತ್ತು. ಸಮಿತಿಯ ಹಿರಿಯಳು ಟೀಚರಮ್ಮ, ಪಾಠ ಬಿಟ್ಟು ಹದಿನೈದು ವರ್ಷವಾದರೂ ಬೆರಳು ತೋರಿಸುವುದು ಬಿಟ್ಟಿಲ್ಲ, ನಮಗೆ ಆಸ್ಪತ್ರೆ ಬೆಳಕು ಬೇಡ, ನಮ್ಮ ಗೋಡೆಗಳಿಗೆ ಆ ಬಿಳಿ ಒಗ್ಗಲ್ಲ, ಹಳದಿ ಬೆಳಕು ಹಾಕಿ, ಗಾಜಿನ ಗೂಡು ಹಳೆಯದರ ಹಾಗೇ ಇರಲಿ — ಹಾಗೇ ಮಾಡಿದರು, ಗೂಡು ಮಾತ್ರ ಹಳೆಯದರ ಎರಡರಷ್ಟು ಭಾರ ಬಂತು. ಒಂದು ಕಂಬ ಟೊಳ್ಳು ಎಂದು ಬರೆದರೆ ಮೂರು ಪುಟ ಕಾರಣ, ನಾಲ್ಕು ಫೋಟೊ, ಟೀಚರಮ್ಮನ ಕಣ್ಣೀರು, ಗಟ್ಟಿ ಎನ್ನಲು ಸೀಮೆಸುಣ್ಣದ ಒಂದು ಗೆರೆ ಸಾಕು. ಆ ಗೆರೆ ಎಳೆಯುವವನು ಮೇಸ್ತ್ರಿ. ಕಣ್ಣಿಗೆ ಏನೂ ಕಾಣದು, ಬಣ್ಣದ ಮೇಲೆ ಬಣ್ಣ ಹತ್ತು ಪದರ, ತುಕ್ಕು ಹಿಡಿಯುವುದು ಕಲ್ಲುಹಾಸಿನ ಅಡಿಯಲ್ಲಿ, ಅದಕ್ಕೇ ಸುತ್ತಿಗೆ, ಅದಕ್ಕೇ ಕಿವಿ. ಕೆಲಸ ಕಲಿಸಿದ ಮುದುಕ ಕಂಬಕ್ಕೆ ಕೆನ್ನೆ ತಾಗಿಸಿ ಹೇಳುತ್ತಿದ್ದ, ಗಟ್ಟಿ ಕಂಬ ಹಾಡುತ್ತೆ ಕಣೋ, ತುಕ್ಕು ತಿಂದದ್ದು ಕೆಮ್ಮುತ್ತೆ, ಕೆಮ್ಮಿದ ಕಂಬಕ್ಕೆ ಮನುಷ್ಯನನ್ನ ಹತ್ತಿಸಬೇಡ. ಇಲಾಖೆಯಲ್ಲಿ ಈಗ ಆ ಕೆಲಸ ಬಲ್ಲವನು ಅವನೊಬ್ಬನೇ, ಆ ಹೆಮ್ಮೆಯೂ ಇತ್ತು, ಇಲ್ಲವೆಂದರೆ ಸುಳ್ಳು.

ಕಿವಿ ಹೋಯಿತು ಅಂದಿದ್ದರೆ ಉಗ್ರಾಣದಲ್ಲಿ ಕೂರಿಸುತ್ತಿದ್ದರು, ಬಲ್ಬು ಎಣಿಸು ಎನ್ನುತ್ತಿದ್ದರು, ಇನ್ನು ಹದಿನಾಲ್ಕು ತಿಂಗಳು ಎಣಿಸಿ ಮನೆಗೆ ಹೋಗು. ಅಂದಿದ್ದರೆ. ಮೊದಲು ಪತ್ತೆ ಹಚ್ಚಿದವನು ಕೊಕ್ಕರೆ — ಉದ್ದ ಕಾಲು, ಸಣ್ಣ ತಲೆ, ಏಣಿಯ ಮೇಲೆ ಒಂದು ಕಾಲು ಮಡಚಿ ನಿಂತನೆಂದರೆ ಕೆರೆಯಲ್ಲಿ ಮೀನು ಕಾಯುವ ಹಕ್ಕಿಯೇ — ಇಪ್ಪತ್ತೆರಡು ವರ್ಷ ಮೇಸ್ತ್ರಿ ಬಡಿದ ಕಂಬವನ್ನು ಹತ್ತಿದವನು, ಒಂದು ದಿನ ಊಟದ ಹೊತ್ತಿಗೆ ಬೆನ್ನ ಹಿಂದೆ ನಿಂತು ಹೆಸರು ಹಿಡಿದು ಕರೆದನಂತೆ, ನಾಲ್ಕು ಸಲ, ಆಮೇಲೆ ಮುಂದೆ ಬಂದು ಕೂತ, ಡಬ್ಬಿ ಬಿಚ್ಚಿದ, ತುಟಿ ಬಿಡಿಸಿ ಬಿಡಿಸಿ ಅಂದ, ಎಷ್ಟು ದಿನದಿಂದ? ಮೇಸ್ತ್ರಿ ಅನ್ನ ಕಲಸುತ್ತಲೇ ಇದ್ದ. ಮಾರನೆಯ ದಿನದಿಂದ ಏಣಿಯ ಬುಡದಲ್ಲಿ ಕೊಕ್ಕರೆ, ಯಾರಿಗೂ ಏನೂ ಹೇಳದೆ, ಸುತ್ತಿಗೆ ಬಿದ್ದ ಮೇಲೆ ಗದ್ದ ಕೆಳಗೆ ಹೋದರೆ ಗಟ್ಟಿ, ಪಕ್ಕಕ್ಕೆ ಹೋದರೆ ಟೊಳ್ಳು. ನೋಡಿದವರಿಗೆ ಸೊಳ್ಳೆ ಓಡಿಸಿದ ಹಾಗೆ. ಮೇಸ್ತ್ರಿ ಬಡಿದರೆ ಕೊಕ್ಕರೆ ಗೋಣು ಹಾಕ್ತಾನೆ, ಇವರಿಬ್ಬರದ್ದು ಗಂಡ ಹೆಂಡತಿ ಸಂಸಾರ ಎಂದು ತಂಡದವರು ನಗುತ್ತಿದ್ದರು, ಕೊಕ್ಕರೆಯೂ ನಕ್ಕು ಸೆರಗು ಎಳೆದುಕೊಂಡವನಂತೆ ಹೆಗಲು ಕುಣಿಸುತ್ತಿದ್ದ. ನೀನು ಕದ್ದದ್ದು ನನ್ನ ಕಿವಿ ಕಣೋ, ವಾಪಸು ಕೊಡು ಎಂದು ಒಮ್ಮೆಯೂ ಕೇಳಲಿಲ್ಲ.

ಅವನಿಗೆ ಹಲ್ಲುನೋವು ಬಂದದ್ದು ಒಂದು ಬುಧವಾರ. ದವಡೆ ಇಷ್ಟು ದಪ್ಪ, ಹಲ್ಲು ಕೀಳಿಸಲು ಹೋದ, ಹೋಗುವ ಮುಂಚೆ ತುಟಿ ನೋವಾದರೂ ಬಿಡಿಸಿ ಹೇಳಿದ, ನಾಳೆ ಬರ್ತೀನಿ, ಇವತ್ತು ಬಡಿಬೇಡ. ಇವತ್ತು ಬಡಿಬೇಡ. ಆದರೆ ಮಧ್ಯಾಹ್ನ ಮೇಡಂ ಬಂದರು, ಚಿಕ್ಕ ವಯಸ್ಸಿನ ಎಂಜಿನಿಯರ್, ಕೈಯಲ್ಲಿ ಪಟ್ಟಿ, ಸಂಜೆಯೊಳಗೆ ಸಮಿತಿಗೆ ಕೊಡಬೇಕು ಮೇಸ್ತ್ರಿ, ಹನ್ನೊಂದೇ ಬಾಕಿ, ನಿಮಗೆಷ್ಟು ಹೊತ್ತಿನ ಕೆಲಸ — ನಾಳೆ ಮಾಡ್ತೀನಿ ಅನ್ನಲು ಒಂದು ಕಾರಣ ಬೇಕು, ಹೊಟ್ಟೆನೋವು ಅನ್ನಬಹುದಿತ್ತು, ಸುತ್ತಿಗೆ ಹಿಡಿ ಸಡಿಲ ಅನ್ನಬಹುದಿತ್ತು, ಹಾಳಾದ್ದು ಬಾಯಿಗೆ ಬರಲಿಲ್ಲ, ಎಡ ಅಂಗೈ ಕಂಬಕ್ಕೆ ಒತ್ತಿ ಬಲಗೈಯಲ್ಲಿ ಬಡಿದ, ಅಂಗೈಯಲ್ಲಿ ನಡುಕ ಬಂತು, ನಡುಕ ಬಂದರೆ ಗಟ್ಟಿಯೇ ಇರಬೇಕು ಎಂದುಕೊಂಡ, ಇಪ್ಪತ್ತೊಂಬತ್ತು, ಮೂವತ್ತು, ಮೂವತ್ತೊಂದು, ಮೂವತ್ತೊಂಬತ್ತರವರೆಗೆ ಎಲ್ಲವೂ ನಡುಗಿದವು, ಎಲ್ಲಕ್ಕೂ ಗೆರೆ ಬಿತ್ತು. ಮಾರನೆಯ ದಿನ ಕೊಕ್ಕರೆ ದವಡೆಗೆ ಬಟ್ಟೆ ಕಟ್ಟಿಕೊಂಡು ಬಂದ, ನಿನ್ನೆ ಏನು ಮಾಡಿದೆ ಎಂದು ಕೇಳಿದ, ಏನಿಲ್ಲ, ಕೂತಿದ್ದೆ ಅಂದ ಮೇಸ್ತ್ರಿ. ಯಾಕೆ ಹಾಗಂದೆ. ಅವನು ಬೈಯುತ್ತಾನೆ ಎಂದೇ? ಬೈದಿದ್ದರೆ ಏನಾಗುತ್ತಿತ್ತು, ಬೈದು ಇಬ್ಬರೂ ಹೋಗಿ ಮತ್ತೆ ಬಡಿಯುತ್ತಿದ್ದೆವು, ಅರ್ಧ ದಿನದ ಕೆಲಸ.

ಮೂರು ವಾರ ಬಿಟ್ಟು ದೀಪ ಹಾಕುತ್ತ ಹಾಕುತ್ತ ಮೂವತ್ತೊಂದಕ್ಕೆ ಬಂದರು. ಕೊಕ್ಕರೆ ಏಣಿ ಆನಿಸಿ ಸೀಮೆಸುಣ್ಣದ ಗೆರೆ ನೋಡಿದ, ಮೇಸ್ತ್ರಿಯ ಕಡೆ ತಿರುಗಿದ, ಇದು ನಾನಿದ್ದಾಗ ಬಡಿದದ್ದಲ್ಲ ಅನ್ಸುತ್ತೆ. ಅಷ್ಟು ಹೊತ್ತಿಗೆ ತಂಡದವರೆಲ್ಲ ಸುತ್ತ ಇದ್ದರು, ಟೀಚರಮ್ಮ ಬಾಗಿಲಲ್ಲಿ ನಿಂತಿದ್ದರು. ಬಡಿದಾಗಿದೆ, ಹತ್ತು ಅಂದ ಮೇಸ್ತ್ರಿ. ಅವನು ಹತ್ತಿದ. ಇಪ್ಪತ್ತೆರಡು ವರ್ಷ ನಂಬಿದವನು ಒಂದು ನಿಮಿಷದಲ್ಲಿ ನಂಬಿಕೆ ಬಿಡುತ್ತಾನೆಯೇ. ಮೇಸ್ತ್ರಿಯ ಕಣ್ಣ ಮಟ್ಟಕ್ಕೆ ಅವನ ಬೂಟಿನ ಹಿಮ್ಮಡಿ ಬಂತು, ಸವೆದ ಜಾಗಕ್ಕೆ ಟಯರಿನ ತುಂಡು ಹೊಡೆದ ಹಿಮ್ಮಡಿ, ಮೂರು ಮೊಳೆ, ಒಂದು ಮೊಳೆಯ ತಲೆ ಹೊಳೆಯುತ್ತಿತ್ತು, ಆ ಹಿಮ್ಮಡಿ ಅಡ್ಡಕ್ಕೆ ಸರಿಯಿತು. ಮೇಲಕ್ಕಲ್ಲ, ಕೆಳಕ್ಕಲ್ಲ, ಅಡ್ಡಕ್ಕೆ. ಯಾವ ಸದ್ದೂ ಇಲ್ಲ. ಬುಡ ಸೀಳಿದ ಸದ್ದು ಬೀದಿಗೆಲ್ಲ ಕೇಳಿ ಉಳಿದವರು ಗೋಡೆಗೆ ಹಾರಿದರು, ಮೇಸ್ತ್ರಿಯೊಬ್ಬ ನಿಂತೇ ಇದ್ದ, ಕಂಬ ಅವನಿಂದ ಎರಡು ಗೇಣು ಆಚೆ ಬಿತ್ತು, ಅದರಡಿ ಕೊಕ್ಕರೆ — ಮೇಸ್ತ್ರಿ ಓಡಲಿಲ್ಲ ನೋಡಿ, ಏಣಿ ಬಿಡಲಿಲ್ಲ, ಗೆಳೆಯನನ್ನ ಉಳಿಸೋಕೆ ನೋಡಿದ, ಎಂಥ ಎದೆಗಾರ ಎಂದು ಆಮೇಲೆ ಬೆನ್ನು ತಟ್ಟಿದರು. ತಟ್ಟಿಸಿಕೊಂಡ.

ಹೋಗಲಿ, ಅದನ್ನು ಬಿಡು. ಬಿಡಲಿಕ್ಕೆ ಬರುವುದಿಲ್ಲ. ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ಆಚೆ ನಾಲ್ವರು, ಒಬ್ಬರು ಮಾತಾಡುವಾಗ ಕಾಗದ ಬಾಯಿಗೆ ಅಡ್ಡ ಹಿಡಿಯುತ್ತಾರೆ, ಅದೂ ಒಂದು ಕಷ್ಟ, ದೊಡ್ಡ ಸಾಹೇಬರ ತುಟಿ ಮಾತ್ರ ಸ್ಪಷ್ಟ, ಪರೀಕ್ಷೆ ಮಾಡಿದ್ದಿರಾ, ಮಾಡಿದ್ದೆ ಸಾರ್, ಗಟ್ಟಿ ಇತ್ತಾ, ಇತ್ತು ಸಾರ್. ಮುರಿದ ಬುಡ ಮೇಜಿನ ಮೇಲೇ ಇತ್ತು, ಒಂದು ಮಗ್ಗುಲು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ, ಬೆರಳು ಒತ್ತಿದರೆ ಪುಡಿಯಾಗುತ್ತಿತ್ತು, ಹಳೇ ಕಬ್ಬಿಣ ಮುರಿದರೆ ಹೀಗೇ ಇರುತ್ತಲ್ವಾ ಮೇಸ್ತ್ರಿ ಎಂದರು, ಹೌದು ಸಾರ್ ಎಂದ. ಅಡ್ಡಪಟ್ಟಿ ಈಗ ಬರೀ ಶೃಂಗಾರಕ್ಕೆ, ಅದಕ್ಕೆ ಏಣಿ ಆನಿಸಬಾರದು ಅಂತ ಸುತ್ತೋಲೆ ಇದೆ, ಆತ ಆನಿಸಿದ್ದ, ಹಗ್ಗವನ್ನೂ ಕಟ್ಟಿರಲಿಲ್ಲ, ಅಲ್ವಾ? ಎಲ್ಲರೂ ಆನಿಸುತ್ತಾರೆ. ಎಲ್ಲರೂ ಅಲ್ಲಿಗೇ ಆನಿಸುತ್ತಾರೆ ಸಾರ್, ಆನಿಸದೆ ಗಾಳಿಗೆ ಆನಿಸಬೇಕಾ ಅನ್ನಬೇಕಿತ್ತು, ತಲೆಯಾಡಿಸಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕೆಲಸಗಾರನ ಅಜಾಗರೂಕತೆ ಎಂದು ಬರೆದರು, ಕೆಳಗೆ ಸಹಿ ಹಾಕಿಸಿಕೊಂಡರು, ಪೆನ್ನು ಅವರದ್ದೇ. ನಿನ್ನೆ ಕೊಕ್ಕರೆಯ ಹೆಂಡತಿ ಮನೆಗೆ ಬಂದಳು, ಮೇಸ್ತ್ರಿಯ ಹೆಂಡತಿ ನೀರು ತರಲು ಒಳಗೆ ಹೋದದ್ದೇ ಬಂದವಳು ಕುರ್ಚಿ ಎಳೆದುಕೊಂಡು ಎದುರಿಗೆ, ಬೆಳಕಿರುವ ಕಡೆ ಮುಖ ಮಾಡಿ ಕೂತಳು, ತುಟಿ ಬಿಡಿಸಿ ಬಿಡಿಸಿ ಮಾತಾಡಿದಳು, ಥೇಟ್ ಅವನ ಹಾಗೆ, ಅದನ್ನು ನೋಡಿಯೇ ಮೇಸ್ತ್ರಿಗೆ ಗೊತ್ತಾಯಿತು ಇವಳಿಗೆ ಎಲ್ಲ ಗೊತ್ತು. ಅಣ್ಣಾ, ನಿಮ್ಮ ಕಿವಿ ವಿಷಯ ಅವರು ನಂಗೆ ಹೇಳಿದ್ರು. ನಾನು ಯಾರ ಹತ್ರನೂ ಬಾಯಿ ಬಿಡಲ್ಲ. ಆದ್ರೆ ಅವರು ತಮ್ಮ ತಪ್ಪಿಂದಲೇ ಸತ್ರು ಅಂತ ನನ್ನ ಮಗಳ ಮುಂದೆ ಓದಿ ಹೇಳಿದಾರೆ, ಅದೊಂದನ್ನ ನೀವೇ ಹೋಗಿ ಅಳಿಸಬೇಕು. ಅತ್ತಿದ್ದರೆ ತಡೆದುಕೊಳ್ಳಬಹುದಿತ್ತು, ಅಳಲಿಲ್ಲ, ನೀರು ಕುಡಿದು ಲೋಟವನ್ನು ತಾನೇ ಒಳಗಿಟ್ಟು ಹೋದಳು. ಅಳಿಸುತ್ತೇನೆ ಎಂದಿದ್ದ. ನಾಳೆಯೇ ಹೇಳುತ್ತೇನೆ ಎಂದಿದ್ದ.

ನಾಳೆ ಇವತ್ತು. ಹನ್ನೆರಡು ದಿನ ನಿಂತಿದ್ದ ಕೆಲಸ ಮತ್ತೆ ಶುರು, ಮೂವತ್ತೊಂದರ ಗುಂಡಿ ಮುಚ್ಚಿ ಕಲ್ಲು ಕೂರಿಸಿಯಾಗಿದೆ, ಟೀಚರಮ್ಮ ಅದರ ಮೇಲೆ ಕಾಲಿಡದೆ ಸುತ್ತಿ ಬರುತ್ತಾರೆ, ಮೂವತ್ತರ ಕೆಳಗೆ ಬೆಂಚಿನಲ್ಲಿ ಒಬ್ಬ ಅಜ್ಜ ಮೊಮ್ಮಗುವಿಗೆ ಕಿತ್ತಳೆ ಸುಲಿದುಕೊಡುತ್ತಿದ್ದಾನೆ, ತಲೆಯ ಮೇಲೆ ಹೊಸ ದೀಪ, ಹೊಸ ಭಾರ, ಅಜ್ಜಾ ಏಳು, ಆ ಕಡೆ ಹೋಗಿ ಕೂರು — ಹೇಳು, ಹೇಳಿಬಿಡು, ಮೊದಲು ಮೇಡಂಗೆ ಹೇಳು, ಮೇಡಂ, ಇವು ಹತ್ತೂ ನಾನು ಕೇಳದೆ ಎಳೆದ ಗೆರೆಗಳು ಎಂದು. ಹಾಗೆಂದ ಕೂಡಲೇ ಮೂವತ್ತೊಂದೂ ಹೊರಗೆ ಬರುತ್ತದೆ, ಕೊಕ್ಕರೆಯನ್ನು ಕೊಂದವನು ನಾನು ಎಂದೇ ಆಗುತ್ತದೆ, ಆಗಲಿ, ಆದದ್ದು ಅದೇ ತಾನೇ. ಗಡ್ಡದವನು ಮೂವತ್ತೆರಡಕ್ಕೆ ಏಣಿ ಆನಿಸಿದ, ಈ ಸಲ ಹಗ್ಗ ಕಟ್ಟಿದ, ಟೊಳ್ಳೋ ಗಟ್ಟಿಯೋ ಗೊತ್ತಿಲ್ಲದ ಕಂಬಕ್ಕೇ ಹಗ್ಗ, ಸುತ್ತೋಲೆಗೆ ಸಮಾಧಾನ. ಮೇಡಂ ತಿರುಗಿದರು, ಇದು ಬಡಿದಾಗಿದೆ ಅಲ್ವಾ ಮೇಸ್ತ್ರಿ, ತುಟಿ ಚೆನ್ನಾಗಿ ಕಂಡಿತು. ಮೇಸ್ತ್ರಿ ಬಗ್ಗಿ ಬುಡಕ್ಕೆ ಒಂದು ಬಡಿದ. ಅಂಗೈಯಲ್ಲಿ ನಡುಕ, ಎಲ್ಲ ಕಂಬವೂ ನಡುಗುತ್ತದೆ, ಈಗ ಗೊತ್ತು, ನಡುಕಕ್ಕೆ ಅರ್ಥವಿಲ್ಲ. ಕಣ್ಣು ತಾನಾಗಿ ಎಡಕ್ಕೆ ಹೋಯಿತು, ಏಣಿಯ ಬುಡಕ್ಕೆ, ಗದ್ದ ನೋಡಲು, ಅಲ್ಲಿ ಬೇರೆ ಯಾರೋ ಏಣಿ ಹಿಡಿದು ಅವನ ಮುಖವನ್ನೇ ನೋಡುತ್ತಿದ್ದ. ಎಲ್ಲರೂ ಅವನ ಮುಖವನ್ನೇ. ಗಡ್ಡದವನಿಗೆ ಇಬ್ಬರು ಮಕ್ಕಳು, ಬೆಳಿಗ್ಗೆ ಫೋಟೊ ತೋರಿಸಿದ್ದ, ಈಗ ಏನೋ ಕೇಳಿದ, ಗಡ್ಡದೊಳಗೆ ತುಟಿ ಕಾಣುವುದಿಲ್ಲ, ಹುಬ್ಬು ಮೇಲೆ ಹೋಯಿತು, ಹತ್ತಲಾ ಎಂದೇ ಇರಬೇಕು, ಇನ್ನೇನು ಕೇಳುತ್ತಾರೆ. ಮೇಸ್ತ್ರಿ ಮಾತು ಹುಡುಕುತ್ತ ಸುಮ್ಮನೆ ನಿಂತ, ಸುಮ್ಮನಿದ್ದದ್ದೇ ಒಪ್ಪಿಗೆಯಾಯಿತು, ಕಂಬದ ಮೇಲೆ ಗೆರೆಯೂ ಇತ್ತಲ್ಲ, ಅವನು ಮೊದಲ ಮೆಟ್ಟಿಲಿಗೆ ಕಾಲಿಟ್ಟ.

ಇಳಿ. ಇಳಿಯಪ್ಪಾ, ನನಗೆ ಕಿವಿ ಕೇಳಲ್ಲ, ನಾನು ಯಾವುದನ್ನೂ ಕೇಳಿಲ್ಲ, ಕೊಕ್ಕರೆಯದ್ದು ಏನೂ ತಪ್ಪಿಲ್ಲ, ತಪ್ಪು ನನ್ನದು — ಹೇಳಿದ, ಕೊನೆಗೂ ಹೇಳಿಬಿಟ್ಟ, ಎದೆಯಿಂದ ಕಲ್ಲು ಇಳಿದ ಹಾಗಾಯಿತು, ಆದರೆ ಯಾವ ತಲೆಯೂ ತಿರುಗಲಿಲ್ಲ. ಮೇಡಂ ಪಟ್ಟಿ ನೋಡುತ್ತಿದ್ದಾರೆ. ಅಜ್ಜ ಕಿತ್ತಳೆ ಸುಲಿಯುತ್ತಿದ್ದಾನೆ. ಏಣಿ ಹಿಡಿದವನು ಮೇಲೆ ನೋಡುತ್ತಿದ್ದಾನೆ. ಬಾಯಿಂದ ಹೊರಗೆ ಬಂತೋ, ಇಲ್ಲ ಒಳಗೇ ಉಳಿಯಿತೋ, ಬೆಳಿಗ್ಗೆಯಿಂದ ಅವನಿಗೆ ತನ್ನ ದನಿಯೂ ಕೇಳುತ್ತಿಲ್ಲ, ಕಿರಿಚಿದರೂ ಒಂದೇ ನುಂಗಿದರೂ ಒಂದೇ, ಇನ್ನೊಮ್ಮೆ ಅಂದ, ಇಳಿ, ಗಂಟಲು ಉರಿಯಿತು, ಉರಿದರೆ ಬಂದಿರಬೇಕು, ಬಂದಿದ್ದರೆ ತಿರುಗಬೇಕು, ಎರಡನೆಯ ಮೆಟ್ಟಿಲು, ಮೂರನೆಯದು, ಕೈ ಚಾಚಿದರೆ ಸಿಗುತ್ತದೆ, ಕೈ ಚಾಚು, ಕೈಯಲ್ಲಿ ಸುತ್ತಿಗೆ, ಸುತ್ತಿಗೆ ಬಿಡು, ಬೆರಳು ಬಿಡುತ್ತಿಲ್ಲ, ಇಳಿ ಅಂದೆ, ಇಳಿ ಅಂದೆನಲ್ಲ — ಕಣ್ಣ ಮಟ್ಟಕ್ಕೆ ಹಿಮ್ಮಡಿ, ಹೊಸ ಬೂಟಿನ ಹಿಮ್ಮಡಿ, ಮೆಟ್ಟಿಲಿನ ಮೇಲೆ ಊರಿ ನಿಂತ ಹಿಮ್ಮಡಿ, ಮೇಲಕ್ಕಲ್ಲ, ಕೆಳಕ್ಕಲ್ಲ, ಒಂದು ಕೂದಲೆಳೆಯಷ್ಟು ಅಡ್ಡಕ್ಕೆ, ಹಿಮ್ಮಡಿ