ಚೌರಪ್ಪನ ಕಾಲು

ಸುತ್ತಿಗೆ ಬಿದ್ದ ಕಡೆ ಕಲ್ಲು ಬೂದಿ ಕಾರುತ್ತದೆ, ಬೂದಿ ಗಾಳಿಗೆದ್ದು ಹಲ್ಲಿನ ಸಂದಿಯಲ್ಲಿ ಕೂರುತ್ತದೆ, ಉಗುಳಿದರೂ ಹೋಗದು, ಚಾಮುಂಡಿಬೆಟ್ಟದ ಮಗ್ಗುಲಿನ ಕಲ್ಲು ಇದು, ಗಟ್ಟಿ, ಮುಂಗೋಪಿ, ಆದರೆ ಹೊಡೆದ ಕಡೆಯೇ ಒಡೆಯುತ್ತದೆ, ಒಳಗೊಂದು ಹೊರಗೊಂದು ಇಲ್ಲ — ಜಯಲಕ್ಷ್ಮಿಪುರದ ಹೊಸ ಬೀದಿಗೆಲ್ಲ ಇದೇ ಜಲ್ಲಿ, ಇದರ ಮೇಲೆ ದೊಡ್ಡವರ ಮೋಟಾರು ಓಡಬೇಕು, ಓಡಲಿ, ಇವತ್ತು ಮಾತ್ರ ಒಂದು ಲಾರಿ ಓಡದಿದ್ದರೆ ಸಾಕು, ಮಧ್ಯಾಹ್ನ ಈ ಬೀದಿಯ ತುದಿಗೆ ಬಂದು ಹಾರ್ನು ಊದುತ್ತದಂತೆ, ಆಳು ತುಂಬಿಕೊಂಡು ಗಣಿಗೆ ಹೋಗುತ್ತದಂತೆ, ಯಾವ ಗಣಿ, ನಾನು ಲಾಂದ್ರ ಹಿಡಿದು ಇಳಿದ ಗಣಿ, ನನ್ನ ತಮ್ಮ ಚೌರಪ್ಪ ಮೇಲೆ ಬಾರದ ಗಣಿ, ಮುಚ್ಚಿ ನೀರು ತುಂಬಿ ಸತ್ತುಹೋಗಿದ್ದದ್ದನ್ನು ಈಗ ಯಾವನೋ ಹೊಸ ಗುತ್ತಿಗೆದಾರ ಎಬ್ಬಿಸಿದ್ದಾನೆ, ನನ್ನ ಮಗ ಪೌಲರಾಜ ಅದಕ್ಕೇ ಹೊರಟಿದ್ದಾನೆ. ಬೆಳಿಗ್ಗೆ ಹೆಂಡತಿ ಅಂತೋಣಮ್ಮ ರಾಗಿ ಬೀಸುವ ಕಲ್ಲನ್ನು ನಿಲ್ಲಿಸದೆಯೇ ಹೇಳಿದಳು, ನಿಲ್ಸು ಅವನ್ನ, ಬಾಯಲ್ಲಾಗ್ದಿದ್ರೆ ಕೈಯಲ್ಲಿ ನಿಲ್ಸು, ನಿನ್ ತಮ್ಮನ್ನ ತಂದಂಗೆ ನನ್ ಮಗನ್ನೂ ತಂದ್ಕೊಟ್ರೆ ನಾನ್ ಇಸ್ಕೊಳಲ್ಲ ಕಣೋ, ನಿನ್ ಮಕದ್ ಮೇಲೆ ಎಸೀತೀನಿ — ತಂದದ್ದು ಏನು, ಒಂದು ಕಾಲು, ಗೋಣಿಯಲ್ಲಿ ಸುತ್ತಿದ ಒಂದು ಕಾಲು, ಅದಕ್ಕೇ ಪೆಟ್ಟಿಗೆ ಮಾಡಿಸಿ, ಅದಕ್ಕೇ ಮೇಣದಬತ್ತಿ ಹಚ್ಚಿ, ಅದರ ಮೇಲೇ ಪಾದ್ರಿಗಳು ತೀರ್ಥ ಚಿಮುಕಿಸಿದರು, ಉಳಿದ ಚೌರಪ್ಪ ಇನ್ನೂ ಅಲ್ಲೇ ಇದ್ದಾನೆ, ಹಸಿರು ಬಂಡೆಯ ಕೆಳಗೆ, ಹಪ್ಪಳದಂತೆ.

ಹಸಿರು ಕಲ್ಲು, ಅದನ್ನು ನೆನೆದರೆ ಅಂಗೈ ಈಗಲೂ ಜಾರುತ್ತದೆ, ಬಳಪದಂತೆ ನುಣುಪು, ಹಾವಿನ ಮೈಯಂತೆ ತಣ್ಣಗೆ, ಅದರ ನಡುನಡುವೆ ಕರಿ ಅದಿರು ಮೀನಿನ ಆಕಾರದಲ್ಲಿ ಮಲಗಿರುತ್ತಿತ್ತು, ಒಂದು ಕಡೆ ಆಳುದ್ದ ದಪ್ಪ, ಇನ್ನೊಂದು ಕಡೆ ಬಾಲದಂತೆ ಸಪುರವಾಗಿ ಮಾಯ, ಕಲ್ಲು ನೋಡಲು ಬಂದಿದ್ದ ಗಡ್ಡದ ದೊರೆ ನಮ್ಮನ್ನು ಕೂರಿಸಿಕೊಂಡು ಹೇಳಿದ್ದ, ಇದೆಲ್ಲ ಭೂಮಿಯ ಹೊಟ್ಟೆಯಲ್ಲಿ ಬೆಲ್ಲದ ಪಾಕದಂತೆ ಕುದಿಯುತ್ತಿತ್ತು, ಭಾರವಾದ ಕರಿದು ತಳಕ್ಕಿಳಿದು ಹೆಪ್ಪುಗಟ್ಟಿತು, ಆಮೇಲೆ ಕಲ್ಲು ನೀರು ಕುಡಿಯಿತು, ಕುಡಿದು ಉಬ್ಬಿತು, ಉಬ್ಬಲು ಜಾಗವಿಲ್ಲದೆ ತನ್ನನ್ನೇ ತಾನು ಉಜ್ಜಿಕೊಂಡು ಒಳಗೆಲ್ಲ ಕನ್ನಡಿ ಮಾಡಿಕೊಂಡಿತು — ಕನ್ನಡಿಯೇ, ಲಾಂದ್ರ ಎತ್ತಿದರೆ ಅದರಲ್ಲಿ ನಮ್ಮ ಮುಖ ಹಸಿರಾಗಿ ಕಾಣುತ್ತಿತ್ತು. ಮೊದಲು ಬಯಲಿನಲ್ಲೇ ಈ ಅದಿರಿನ ಕರಿಗಲ್ಲು ಆಯುತ್ತಿದ್ದರು, ಹೊಲ ಉಳುವವರ ನೇಗಿಲಿಗೆ ಸಿಕ್ಕಿದ್ದು, ಆಮೇಲೆ ಗುಂಡಿ, ಆಮೇಲೆ ಬಾವಿ, ಆಮೇಲೆ ಜರ್ಮನಿಯವರ ಯುದ್ಧ ಬಂತು, ಫಿರಂಗಿಯ ಉಕ್ಕಿಗೆ ಈ ಕರಿದನ್ನು ಬೆರೆಸಬೇಕಂತೆ, ತೆಗೀರಿ ತೆಗೀರಿ, ಹಗಲೂ ತೆಗೀರಿ ಇರುಳೂ ತೆಗೀರಿ, ಕೋಲಾರದಿಂದ ನಮ್ಮನ್ನು ಕರೆತಂದರು, ನಾವು ಪಳಗಿದವರು, ಹಾರೆಯಿಂದ ಸೂರಿನ ಕಲ್ಲನ್ನು ತಟ್ಟಿ ನೋಡುವವರು, ಟಣ್ ಎಂದರೆ ಗಟ್ಟಿ, ದಬ್ ಎಂದರೆ ಟೊಳ್ಳು, ತಟ್ಟದೆ ಕೆಳಗೆ ನಿಂತವನನ್ನು ಮೇಸ್ತ್ರಿ ಒದೆಯುತ್ತಿದ್ದ, ಕೋಲಾರದ ಕಲ್ಲು ಹಾಗೆ, ಕೇಳಿದರೆ ನಿಜ ಹೇಳುತ್ತದೆ, ಆ ವಿದ್ಯೆಯನ್ನೇ ನಾವು ಈ ಹಸಿರು ಕಲ್ಲಿಗೂ ತಂದೆವು, ಚೌರಪ್ಪ ತಟ್ಟಿದ, ಎರಡು ಸಲ ತಟ್ಟಿದ, ಟಣ್ ಎಂದಿತು, ದೇವಸ್ಥಾನದ ಗಂಟೆ ಕೂಗ್ದಂಗ್ ಕೂಗ್ತದೆ ಕಣಣ್ಣ, ಇದರ ಕೆಳಗೆ ಮದುವೆ ಚಪ್ಪರ ಹಾಕಬೌದು ಎಂದು ನಕ್ಕ, ನಗು ಮುಗಿಯಲಿಲ್ಲ, ಸದ್ದಿಲ್ಲ, ಬಿರುಕಿಲ್ಲ, ಒಂದು ಚೂರು ಮಣ್ಣೂ ಮೊದಲು ಉದುರಲಿಲ್ಲ, ಕನ್ನಡಿಯ ಮೇಲಿಂದ ಕನ್ನಡಿ ಜಾರಿದ ಹಾಗೆ ಮನೆಯಷ್ಟಗಲದ ಬಂಡೆ ಇಳಿಯಿತು, ಲಾಂದ್ರ ಆರಿತು, ಹಚ್ಚಿದೆ, ಕಾಲು ಕಂಡಿತು. ಮೊಣಕಾಲ ಕೆಳಗಿನಷ್ಟು, ಬೆರಳುಗಳು ನನ್ನ ಕಡೆ, ಹೆಬ್ಬೆರಳು ಅಲ್ಲಾಡುತ್ತಿತ್ತು, ಹಿಡಿದುಕೊಂಡೆ, ಹಿಡಿದುಕೊಂಡೇ ಇದ್ದೆ, ನನ್ನ ಕೈಯಲ್ಲೇ ಅದು ತಣ್ಣಗಾಯಿತು, ಕೊನೆಗೆ ಮರ ಕೊಯ್ಯುವ ಗರಗಸ ತಂದರು. ಯುದ್ಧ ಮುಗಿಯಿತು, ಕರಿಗಲ್ಲು ಯಾರಿಗೂ ಬೇಡವಾಯಿತು, ಪಂಪು ಕಿತ್ತುಕೊಂಡು ಹೋದರು, ನೀರು ಏರಿ ಬಾಯಿಮಟ್ಟ ನಿಂತಿತು, ಒಳ್ಳೆಯದಾಯಿತು ಅಂದುಕೊಂಡೆ, ತಮ್ಮನ ಮೇಲೆ ಯಾರೂ ಓಡಾಡುವುದಿಲ್ಲ.

ಏನ್ ಜ್ಞಾನಪ್ಪಣ್ಣ, ಕಲ್ ಒಡೀತಿದ್ದೀಯೋ ಯಾರ್ದಾದ್ರೂ ತಲೆ ಒಡೀತಿದ್ದೀಯೋ, ಜಲ್ಲಿ ಹಿಟ್ಟಾಗೋಯ್ತು ನೋಡು — ಚೆಲುವಮ್ಮ, ಪಕ್ಕದ ಗುಡ್ಡೆಯಲ್ಲಿ ಕೂತು ಕಲ್ಲೊಡೆಯುವವಳು, ಬಾಯಿಗೆ ಬೀಗವಿಲ್ಲ, ಅಗೋ ನಿನ್ ಮಗ ಮದ್ಲಿಂಗ ಬಂದ, ಕಾಲ್ಗೆ ಬೂಟ್ಸು ಬ್ಯಾರೆ, ದೊರೆ ಆಗ್ಬುಟ್ಟ ಕಣ್ರಪ್ಪ. ಪೌಲರಾಜ ಕುಂಟುತ್ತಾ ಬರುತ್ತಾನೆ, ಗುತ್ತಿಗೆದಾರ ಕೊಟ್ಟ ಬೂಟು ಕಚ್ಚುತ್ತಿದೆ, ಬಂದವನೇ ಎದುರು ಕೂರುತ್ತಾನೆ, ಹೋಗ್ಬುಟ್ ಬತ್ತೀನಪ್ಪ. ಬ್ಯಾಡ ಕಣೋ. ಸುರು ಆಯ್ತು ನಿಂದು. ಏನ್ ಕೆಲಸ ಅಂತ ಕೇಳಿದ್ಯಾ. ಹಳೇ ಕಂಬ ತೆಗೆಯೋದು, ಸೂರಿಗೆ ಆನಿಸಿ ಬಿಟ್ಟವ್ರಲ್ಲ ಅದಿರಿನ ಕಂಬ, ಅದ್ನ ಕಿತ್ಕೊಂಡ್ ಹಿಂದಿಂದಕ್ಕೆ ಬರೋದು. ಕಂಬ, ಬೆಟ್ಟವನ್ನು ಹೊತ್ತಿರುವ ಕಂಬ. ನೀರು ತೆಗ್ದವ್ರಾ. ಹೂಂ, ಎಲ್ಲಾ ಒಣಗೋಗ್ಯದೆ, ಇಷ್ಟ್ ವರ್ಷ ಬೀಳ್ದೆ ನಿಂತದಲ್ಲಪ್ಪ, ಇನ್ನೆಲ್ ಬೀಳ್ತದೆ. ಅಯ್ಯೋ ದಡ್ಡ, ನಿಂತದ್ದೇ ನೀರು ಒತ್ತಿ ಹಿಡಿದಿದ್ದಕ್ಕೆ, ನೀರೇ ಅಲ್ಲಿ ಕಂಬವಾಗಿತ್ತು, ಎಲ್ಲವನ್ನೂ ಹೇಳುತ್ತೇನೆ, ಮೊನ್ನೆ ಹೇಳಿದ್ದನ್ನೇ, ನಿನ್ನೆ ಹೇಳಿದ್ದನ್ನೇ, ಅವನು ನಗುತ್ತಾನೆ, ಚೌರಪ್ಪನದೇ ನಗು, ತಟ್ಟಿ ನೋಡ್ಕೊಂಡೇ ನಿಂತ್ಕೊತೀನಿ ಬುಡಪ್ಪ, ನೀನೇ ಕಲ್ಸಿದ್ದಲ್ವಾ, ಚಿಕ್ಕಪ್ಪನ ಮೂಳೆ ಸಿಕ್ರೆ ತಂದ್ಕೊಡ್ತೀನಿ, ಕಾಲಿನ್ ಪಕ್ಕ ಹೂತಾಕು, ಇಲ್ಲಿ ನಿನ್ ಜೊತೆ ಕೂತ್ಕೊಂಡು ಎಷ್ಟ್ ದಿನ ದೂಳ್ ತಿನ್ಲಿ. ತಟ್ಟಿ ನೋಡ್ತಾನಂತೆ. ದೂರದಲ್ಲಿ ಹಾರ್ನು, ಲಾರಿ, ಧೂಳು, ಮೇಲೆ ನಿಂತವರ ತಲೆಗಳು ಕಡಲೆಕಾಯಿ ರಾಶಿಯ ಹಾಗೆ, ತಡಿ ತಡಿ ಬಂದೆ ಎಂದು ಕೂಗುತ್ತಾನೆ, ಬೂಟು ಕಿತ್ತು ಹಿಮ್ಮಡಿಯ ಬೊಬ್ಬೆಗೆ ಬಟ್ಟೆ ಸುತ್ತಿಕೊಳ್ಳಲು ಕಾಲನ್ನು ತಂದು ನನ್ನ ಮುಂದಿನ ದಿಂಡುಗಲ್ಲಿನ ಮೇಲೆ, ಒಡೆಯುವ ಕಲ್ಲನ್ನಿಡುವ ಜಾಗದಲ್ಲೇ, ಇಡುತ್ತಾನೆ, ಮೊಣಕಾಲ ಕೆಳಗಿನಷ್ಟು, ಬೆರಳುಗಳು ನನ್ನ ಕಡೆ. ಬೀಳಬೇಕಾದ್ದು ಬೀಳುತ್ತದೆ, ಅಲ್ಲಿ ಬಿದ್ದರೆ ಗರಗಸ, ಇಲ್ಲಿ ಬಿದ್ದರೆ ಕುಂಟು, ಕುಂಟು ಉಣ್ಣುತ್ತದೆ, ಕುಂಟು ಬಯ್ಯುತ್ತದೆ, ಕುಂಟು ನನ್ನನ್ನು ಹೂಳುತ್ತದೆ, ಕೈಯಲ್ಲಿ ನಿಲ್ಸು ಅಂದಳಲ್ಲ, ಕೈ ಎತ್ತಿದ್ದು ಯಾವಾಗ, ಸುತ್ತಿಗೆ ಎತ್ತರದಲ್ಲಿದೆ, ಅವನು ಬಟ್ಟೆಯ ಗಂಟು ನೋಡುತ್ತಿದ್ದಾನೆ, ಈಗಲೂ ತಲೆ ಎತ್ತಿಲ್ಲ, ಎತ್ತಬೇಡ ಮಗನೇ, ಎತ್ತಬೇಡ —

ಚೆಲುವಮ್ಮ ಕಿರುಚುತ್ತಾಳೆ, ಕೊಲೆಗಡುಕ, ಲೋ ಕೊಲೆಗಡುಕ, ಹೆತ್ತ್ ಮಗನ್ಗೆ, ಅವನು ಕಿರುಚುವುದಿಲ್ಲ, ಬಾಯಿ ತೆರೆದೇ ಇದೆ, ಕಣ್ಣು ನನ್ನ ಮೇಲೆ, ಆ ಕಣ್ಣು ಇನ್ನು ನನ್ನನ್ನು ಅಪ್ಪ ಅನ್ನುವುದಿಲ್ಲ, ಬೇಡ, ಲಾರಿ ನಿಂತು ಹಾರ್ನು ಊದಿ ಊದಿ ಬೇಸತ್ತು ಹೊರಡುತ್ತದೆ, ಹೋಯಿತು, ಹೋಯಿತು, ಧೂಳೂ ಹೋಯಿತು, ಯಾರೋ ನನ್ನ ಕತ್ತಿನ ಪಟ್ಟಿ ಹಿಡಿದು ಎಳೆಯುತ್ತಿದ್ದಾರೆ, ಬೆನ್ನಿಗೆ ಒದೆಯುತ್ತಿದ್ದಾರೆ, ಒದೆಯಲಿ, ನಾನು ಬಿಡುವುದಿಲ್ಲ, ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೇನೆ, ಅವನ ಕಾಲಿನ ಗಿಣ್ಣು ನುಗ್ಗಾಗಿದೆ, ರಕ್ತ ಅಂಗೈ ತುಂಬಿ ಮುಂಗೈಗೆ ಇಳಿಯುತ್ತಿದೆ, ಹೆಬ್ಬೆರಳು ಅಲ್ಲಾಡುತ್ತಿದೆ, ಹಿಡಿದುಕೊಂಡೇ ಇದ್ದೇನೆ, ಕಾಲು, ಬೆಚ್ಚಗಿದೆ, ಇನ್ನೂ ಬೆಚ್ಚಗಿದೆ, ಕಾಲು ಬೆಚ್ಚಗಿದೆ